ಗೆರೆಯವರೆಗೆ ಸಾಕು

ಮಾರ್ಚ್ ೩, ಸೋಮವಾರ

‘ಹೇಳಿದ್ದನ್ನೇ ಮೂರು ಸಲ ಹೇಳುತ್ತೀಯ, ಒಂದು ಸಲ ಬರೆದಿಟ್ಟುಕೋ, ಮನೆಯವರಿಗೆಲ್ಲ ನೆಮ್ಮದಿ’ ಎಂದು ಇವರು ಈ ಡೈರಿ ತಂದುಕೊಟ್ಟರು. ಹೆಂಡತಿಯ ಬಾಯಿ ಮುಚ್ಚಿಸಲು ಯಾವ ಗಂಡನೂ ಇಷ್ಟು ಅಗ್ಗದ ಉಪಾಯ ಹೂಡಿರಲಾರ. ಇರಲಿ, ಬರೆಯುತ್ತೇನೆ. ಮಾತಾಡುವುದನ್ನೂ ಬಿಡುವುದಿಲ್ಲ.

ಇವತ್ತು ಓರಗಿತ್ತಿಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇವಳು ನನ್ನ ಮೈದುನನ ಹೆಂಡತಿ, ನನಗಿಂತ ಬಹಳ ಚಿಕ್ಕವಳು. ಮನೆಯ ಮುಂದಿನ ಕೋಣೆಯಲ್ಲಿ ನಾನು ನಡೆಸುವ ಪಾರ್ಲರಿನಲ್ಲಿ ಮದುವೆಯಾಗಿ ಬಂದ ವರ್ಷದಿಂದ ಅವಳದೂ ಒಂದು ಕುರ್ಚಿ. ಈ ಬೀದಿಯ ಹೆಂಗಸರ ಜುಟ್ಟೆಲ್ಲ ನನ್ನ ಕೈಯಲ್ಲಿದೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಆದರೆ ತಲೆ ತೊಳೆಸಿಕೊಳ್ಳಲು ಮಾತ್ರ ಎಲ್ಲರೂ ಅವಳ ಬೇಸಿನ್ನಿನ ಮುಂದೆಯೇ ಕಾಯುತ್ತಾರೆ. ಅವಳ ಕೈಗುಣ ಅಂಥದ್ದು. ತೊಳೆದು ಮುಗಿಸುವಾಗ ‘ಸಾಕಾ?’ ಎಂದು ಕೇಳುತ್ತಾಳೆ. ಸಾಕು ಎಂದವರನ್ನು ನಾನಿನ್ನೂ ನೋಡಿಲ್ಲ.

ಆ ಕೈಗಳು ಈಗ ಬೆರಳ ಸಂದಿಯಲ್ಲೆಲ್ಲ ಬಿರಿದು ಕೆಂಪಾಗಿವೆ. ಕೈಗವಸು ಹಾಕಿದರೆ ಒಳಗೆ ಬೆವರಿ ಇನ್ನೂ ಉರಿಯುತ್ತದೆ. ಡಾಕ್ಟರಮ್ಮ ದೀಪದಡಿ ತಿರುಗಿಸಿ ತಿರುಗಿಸಿ ನೋಡಿ, ಹೇರ್ ಡೈ, ಸ್ಟ್ರೇಟ್ನಿಂಗ್ ಔಷಧಿ, ಘಾಟು ಶಾಂಪೂ ಇವನ್ನೆಲ್ಲ ಬಿಡಬೇಕು, ಇಲ್ಲದಿದ್ದರೆ ಈ ಕೆಲಸವನ್ನೇ ಬಿಡಬೇಕು ಎಂದರು. ಚೀಟಿ ಬರೆಯುವಷ್ಟೇ ಸಲೀಸಾಗಿ ಹೇಳಿಬಿಟ್ಟರು.

ದಾರಿಯಲ್ಲಿ ಅವಳು ತನ್ನ ಪುರಾಣ ಬಿಚ್ಚಿದಳು. ಅಂಗಡಿಯ ಸಾಮಾನೆಲ್ಲ ಬದಲಾಯಿಸೋಣ, ಮಣ್ಣಿಗೆ ನೀರಿಗೆ ತೊಂದರೆ ಕೊಡದಂಥದ್ದು ತರೋಣ, ಪ್ಲಾಸ್ಟಿಕ್ ಬಾಟಲಿಗಳ ಗುಡ್ಡೆ ಸಾಕು, ನಮ್ಮ ಬೇಸಿನ್ನಿನ ನೀರು ಹಿತ್ತಲ ಮೋರಿಗೆ ಹೋಗಿ ಅಲ್ಲಿ ಒಂದು ಕಪ್ಪೆಯೂ ಉಳಿದಿಲ್ಲ ಎಂದು ಶುರುಮಾಡಿದಳು.

“ಕೈಗೆ ಆಗದ್ದು ಮೋರಿಗೂ ಆಗಲ್ಲ ಅಕ್ಕ” ಅಂದಳು.

“ನಾನು ಹೆಂಗಸರಿಗೆ ಫೇಶಿಯಲ್ ಮಾಡೋಳು ಕಣೇ, ಮೋರಿಗಲ್ಲ” ಅಂದೆ.

ಅವಳು ನಕ್ಕಳು. ನಾನು ಗೆದ್ದೆ ಎಂದು ಇಲ್ಲಿ ಬರೆದಿಡುತ್ತೇನೆ.

ಮೇ ತಿಂಗಳಲ್ಲಿ ಕಂಟ್ರಾಕ್ಟರರ ಮನೆ ಮದುವೆ ಇದೆ. ಮದುಮಗಳಿಂದ ಹಿಡಿದು ಅಜ್ಜಿಯವರೆಗೆ ಎಲ್ಲರ ಕೂದಲನ್ನೂ ನೇರ ಮಾಡಿಸಬೇಕೆಂದು ಮನೆಯಾಕೆ ಹೇಳಿದ್ದಾಳೆ. ಅಷ್ಟರಲ್ಲಿ ಇವಳ ಕೈ ಸರಿಹೋಗಬೇಕು. ಭಾನುವಾರ ನನ್ನ ತಲೆಗೂ ಬಣ್ಣ ಹಚ್ಚಬೇಕು, ಬೈತಲೆಯಲ್ಲಿ ಬಿಳಿ ಇಣುಕುತ್ತಿದೆ. ಯಾವಾಗಲೂ ಇವಳೇ ಹಚ್ಚುತ್ತಿದ್ದಳು. ಈ ಸಲ ನಾನೇ ಹಚ್ಚಿಕೊಂಡರಾಯಿತು, ನನಗೇನು ಕೈಯಿಲ್ಲವೇ.

ಮಾರ್ಚ್ ೬, ಗುರುವಾರ

ಸಮಸ್ಯೆ ಮುಗಿಯಿತು. ಡಾಕ್ಟರಿಗೆ ಕೊಟ್ಟ ಫೀಸು ದಂಡ.

ಸಗಟು ಅಂಗಡಿಗೆ ನಾನೇ ಹೋಗಿ, ಮೈತುಂಬ ಎಲೆಯ ಚಿತ್ರವಿರುವ ಹಸಿರು ಕ್ಯಾನುಗಳನ್ನು ಹೊರಿಸಿಕೊಂಡು ಬಂದೆ. ಕಿತ್ತಳೆ ಸಿಪ್ಪೆ, ಪುದೀನ, ಇನ್ನೂ ಏನೇನೋ. ನೂರಕ್ಕೆ ನೂರು ನೈಸರ್ಗಿಕ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಮುಚ್ಚಳ ತೆಗೆದರೆ ಬೀದಿಯ ಕೊನೆಯವರೆಗೂ ಪರಿಮಳ. ಗಿಡದಿಂದ ಬಂದದ್ದು ಯಾರಿಗೂ ಕೆಡುಕು ಮಾಡುವುದಿಲ್ಲ. ಇದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ.

ಓರಗಿತ್ತಿ ಕ್ಯಾನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದುತ್ತ ಕೂತಳು. ಓದುವುದಿದ್ದರೆ ಓದಲಿ. ಮುಂಬದಿಯಲ್ಲಿ ಇಷ್ಟು ದೊಡ್ಡದಾಗಿ ಬರೆದಿರುವಾಗ ಹಿಂಬದಿ ಯಾರಿಗೆ ಬೇಕು?

ಮಾರ್ಚ್ ೧೪, ಶುಕ್ರವಾರ

ಓರಗಿತ್ತಿಯ ಕೈ ಬಾತುಕೊಂಡಿದೆ. ಬಳೆ ಕತ್ತರಿಸಿ ತೆಗೆಯಬೇಕಾಯಿತು.

ಡಾಕ್ಟರಮ್ಮ ಕ್ಯಾನಿನ ಫೋಟೋ ನೋಡಿ, ಕಿತ್ತಳೆ ಎಣ್ಣೆ, ಪುದೀನ ಎಣ್ಣೆ, ಇರುವ ಸುಗಂಧವೆಲ್ಲ ಇದರಲ್ಲೇ ಇದೆಯಲ್ಲ, ಇದನ್ನು ಆರಿಸಿದ್ದು ಯಾರು ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಓರಗಿತ್ತಿ, “ನಾವಿಬ್ರೂ ಸೇರಿ ಆರಿಸಿದ್ದು” ಅಂದಳು. ತುರಿಸುವ ಸೊಪ್ಪೂ ಗಿಡದ್ದೇ ಅಲ್ಲವೇ ಅಮ್ಮ ಎಂದು ಡಾಕ್ಟರಮ್ಮ ನನ್ನ ಮುಖ ನೋಡಿಯೇ ಹೇಳಿದರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿದ್ದೆ. ಹಸಿರಾಗಿರುವುದೆಲ್ಲ ಸೊಪ್ಪಲ್ಲ ಎಂದು ಇವತ್ತು ಸೇರಿಸಿಕೊಂಡೆ. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟಿದ್ದರೆ ಎರಡು ಮಾತು ಬೈದು ಹಗುರಾಗಬಹುದಿತ್ತು.

ಮಾರ್ಚ್ ೧೬, ಭಾನುವಾರ

ಈ ಸಲ ಅವಳೇ ಆರಿಸಲಿ ಎಂದು ಬಿಟ್ಟೆ. ಆರಿಸುವುದನ್ನು ನೋಡಬೇಕು! ವಧುಪರೀಕ್ಷೆಯಲ್ಲೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಪರಿಮಳ ಇರಬಾರದು. ಹಿಂಬದಿಯ ಪಟ್ಟಿ ಚಿಕ್ಕದಿರಬೇಕು. ನೀರಲ್ಲಿ ಕರಗಿ ಹೋಗುವಂಥದ್ದಿರಬೇಕು, ಮುಖ ಉಜ್ಜುವ ಕ್ರೀಮಿನಲ್ಲಿ ಪ್ಲಾಸ್ಟಿಕ್ ಹರಳು ಇರಕೂಡದು. ಡಬ್ಬಿ ಖಾಲಿಯಾದರೆ ಮತ್ತೆ ತುಂಬಿಸಿಕೊಡಬೇಕು. ಹೊಸದನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಕಾದು ನೋಡಬೇಕು. ಊರಾಚೆ ಸಾಬೂನು ಕಾಯಿಸುವ ಒಬ್ಬಾಕೆ ಸಿಕ್ಕಿದ್ದಾಳೆ. ಅವಳು ಕ್ಯಾನು ವಾಪಸು ತೆಗೆದುಕೊಳ್ಳುತ್ತಾಳಂತೆ.

ಈಗ ಬೇಸಿನ್ನಿನ ಹತ್ತಿರ ಗಾಜಿನ ಜಾಡಿಗಳು ಕೂತಿವೆ. ಒಳಗೆ ಗಂಜಿಯ ಬಣ್ಣದ ಶಾಂಪೂ. ಮೂಸಿದರೆ ಏನೂ ಇಲ್ಲ. ಪಾರ್ಲರ್ ಎಂದ ಮೇಲೆ ಪಾರ್ಲರಿನ ವಾಸನೆ ಬೇಡವೇ ಎಂದೆ. ಅತ್ತೆ ಹಜಾರದಿಂದಲೇ, ವಾಸನೆ ಹೋಯ್ತಾ, ಒಳ್ಳೇದಾಯ್ತು, ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಊಟ ಮಾಡಿದ್ದೆ ಅಂದರು. ಅತ್ತೆಗೆ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ. ಇನ್ನೊಂದು ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ.

ಡೈ ಮತ್ತು ಸ್ಟ್ರೇಟ್ನಿಂಗ್ ನನ್ನ ಕುರ್ಚಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಬಿಟ್ಟರೆ ಅಂಗಡಿ ನಡೆಯುವುದಿಲ್ಲ. ನನ್ನ ತಲೆಗೆ ಬಣ್ಣ ಹಚ್ಚಲು ಈ ವಾರವೂ ಪುರಸೊತ್ತಾಗಲಿಲ್ಲ.

ಮಾರ್ಚ್ ೨೪, ಸೋಮವಾರ

ನಿವೃತ್ತ ಲೆಕ್ಕದ ಟೀಚರ್ ಬಂದಿದ್ದರು. ನಮ್ಮಲ್ಲಿ ಅವರಿಗೆ ನೊರೆ ಟೀಚರ್ ಎಂದೇ ಹೆಸರು. ತಲೆಯ ಮೇಲೆ ನೊರೆ ಏಳದಿದ್ದರೆ ಅವರ ಪ್ರಕಾರ ತಲೆಯೇ ತೊಳೆದಂತಲ್ಲ. ಓರಗಿತ್ತಿ ತೊಳೆಯುತ್ತಿದ್ದರೆ, ನೊರೆ ಎಲ್ಲಿ, ನೊರೆ ಎಲ್ಲಿ ಎಂದು ಕಣ್ಣುಮುಚ್ಚಿಕೊಂಡೇ ಕೇಳಿದರು. ನಾನು ಹೋಗಿ ಜಾಡಿಯ ಪಂಪನ್ನು ಮತ್ತೆ ಮತ್ತೆ ಒತ್ತಿ ಸುರಿದೆ. ಆದರೂ ಬೆಂದ ಬೇಳೆಯ ಮೇಲೆ ಬರುವಷ್ಟೇ ನೊರೆ ಬಂತು. ಟೀಚರ್ ಎದ್ದು, ನೀವು ಸಾಮಾನಿನಲ್ಲಿ ಕೈ ಹಿಡಿಯುತ್ತಿದ್ದೀರಿ ಎಂದು ಮೂಗು ಮುರಿದು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಟೇಬಿಟ್ಟರು. ನಮ್ಮ ಟವೆಲ್.

ಅವರ ಹಿಂದೆ ಇನ್ನೂ ಕೆಲವರು ಹೋದರು. ವೃತ್ತದ ಹತ್ತಿರ ಹೊಸದಾಗಿ ತೆರೆದಿರುವ ದೊಡ್ಡ ಸಲೂನಿಗೆ ಹೋಗಿದ್ದಾರೆಂದು ಕೇಳಿದೆ. ಸಾಲದ್ದಕ್ಕೆ, ಆ ಸಲೂನಿನ ಮ್ಯಾನೇಜರ್ ಓರಗಿತ್ತಿಯನ್ನೂ ಕರೆದಿದ್ದಾಳಂತೆ. ಔಷಧಿ ಮುಟ್ಟುವ ಕೆಲಸವಿಲ್ಲ, ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವುದು. ಮೈದುನ ಊಟದ ಹೊತ್ತಿಗೆ ಇದನ್ನು ಹೇಳಿ, ಅವಳ ಕೈಗಾದರೂ ಆರಾಮ ಎಂದು ತಲೆ ತಗ್ಗಿಸಿದ.

ಹೋದರೆ ಹೋಗಲಿ. ಅವಳು ಬರುವ ಮೊದಲೂ ಅಂಗಡಿ ನಡೆದಿತ್ತು.

ಏಪ್ರಿಲ್ ೯, ಬುಧವಾರ

ಕಂಟ್ರಾಕ್ಟರರ ಹೆಂಡತಿ ಮದುಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯ ಕೂದಲು ಪೂರ್ತಿ ಗುಂಗುರು. ಒಂದು ಎಳೆಗೆ ಹಚ್ಚಿ ನೋಡೋಣವೆಂದು ಸ್ಟ್ರೇಟ್ನಿಂಗ್ ಔಷಧಿ ತೆಗೆದು, ಇಸ್ತ್ರಿ ಕಾಯಿಸಿ ಎಳೆದೆ. ಹೊಗೆ ಎದ್ದಿತು. ಅಷ್ಟಕ್ಕೇ ಓರಗಿತ್ತಿ ಕೆಮ್ಮುತ್ತ ಹಿತ್ತಲಿಗೆ ಓಡಿದಳು. ಕಂಟ್ರಾಕ್ಟರರ ಹೆಂಡತಿ, ಇವಳಿಗೇನು ಕಾಯಿಲೆಯಾ, ಅಂಟುವಂಥದ್ದಾ ಎಂದು ಕೇಳಿದಳು. ನನಗೆ ರೇಗಿತು.

ಅವರು ಹೋದ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಬಾರದಿತ್ತೋ ಅವಳ ಮೇಲೇ ತೀರಿಸಿದೆ.

“ನಿನ್ನ ಎರಡು ಕೈ ನೋಡ್ಕೊಂಡು ನಾನು ಅಂಗಡಿ ಬಾಗಿಲು ಹಾಕ್ಕೋಬೇಕಾ?”

ಅವಳು ಬೇಸಿನ್ ಒರೆಸಿ, ಬಟ್ಟೆ ಹಿಂಡಿ ಹರವಿ, ಒಳಗೆ ಹೋದಳು. ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆಯೇನೋ ಗೊತ್ತಿದೆ, ಸಮಯಕ್ಕೆ ನೆನಪಾಗುವುದಿಲ್ಲ.

ಏಪ್ರಿಲ್ ೧೦, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಅಂಗಡಿ ತೆರೆದರೆ ಓರಗಿತ್ತಿ ಇಲ್ಲ. ಅವಳ ಏಪ್ರನ್ ಮಡಿಸಿ ಕುರ್ಚಿಯ ಮೇಲಿಟ್ಟಿತ್ತು. ಬೇಸಿನ್ನಿನ ಪಕ್ಕ ಒಂದು ಗಾಜಿನ ಲೋಟ, ಅದಕ್ಕೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ಒಂದೇ ಮಾತು: ಸಾಕು.

ಜಗಳವಾಡಿ ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಮಾತು ಬರೆದು, ಏಪ್ರನ್ ಮಡಿಸಿಟ್ಟು ಹೋಗಿದ್ದಾಳೆ. ಫೋನ್ ಮಾಡಲು ಅಭಿಮಾನ ಅಡ್ಡ ಬಂತು. ಅಭಿಮಾನ ನುಂಗಿ ಮಾಡಿದರೆ ಅವಳ ಫೋನು ಒಳಗಿನ ಕೋಣೆಯಲ್ಲೇ ರಿಂಗಾಯಿತು. ಮೈದುನ ಕೆಲಸಕ್ಕೆ ಹೋಗಿದ್ದ. ಇವರು ಪೇಪರ್ ಓದುತ್ತ, ಎಲ್ಲೋ ಹೋಗಿರುತ್ತಾಳೆ ಬರುತ್ತಾಳೆ ಬಿಡು ಅಂದರು. ಮನೆಗೆ ಬೆಂಕಿ ಬಿದ್ದರೂ ಇವರು ಮೊದಲು ಪೇಪರ್ ಮಡಿಸುತ್ತಾರೆ.

ಹಜಾರದಲ್ಲಿ ಕೂತಿದ್ದ ಅತ್ತೆಯ ಒಳ್ಳೆಯ ಕಿವಿಯ ಹತ್ತಿರ ಹೋಗಿ ಕೂಗಿದೆ.

“ಅತ್ತೆ, ಚಿಕ್ಕವಳು ಸಾಕು ಅಂತ ಬರೆದಿಟ್ಟು ಹೋಗಿದಾಳೆ!”

“ಸಾಕು ಅಂತಾನಾ? ಹೌದು, ಸಾಕು. ಏನೀಗ? ನಾನು ನಿನ್ನ ಸಾಕಲಿಲ್ವಾ?”

ಅತ್ತೆ ಕೇಳಿಸಿಕೊಂಡ ‘ಸಾಕು’ ಬೇರೆ. ಅದನ್ನು ತಿದ್ದಲು ಹೋಗಲಿಲ್ಲ. ಈ ಮುಂದಿನ ಕೋಣೆ ಒಂದು ಕಾಲಕ್ಕೆ ಅತ್ತೆಯ ಮಲಗುವ ಕೋಣೆ. ಹುಬ್ಬು ತೀಡುವುದು ಬಿಟ್ಟರೆ ಏನೂ ಬಾರದ ಹೊಸ ಸೊಸೆಗೆ ಅದನ್ನು ಬಿಟ್ಟುಕೊಟ್ಟು ತಾವು ಹಜಾರಕ್ಕೆ ಬಂದು ಮಲಗಿದವರು. ಮೊದಲ ವರ್ಷ ಗಿರಾಕಿಗಳಿಗಿಂತ ಹೆಚ್ಚು ಸಲ ಆ ಕುರ್ಚಿಯಲ್ಲಿ ಕೂತವರೂ ಅವರೇ. ನನ್ನ ಕೈ ಪಳಗಲಿ ಎಂದು ತಮ್ಮ ತಲೆ ಕೊಟ್ಟಿದ್ದರು. ನನಗೆ ಅಳು ಬಂತು. ಚಪ್ಪಲಿ ಮೆಟ್ಟಿ ಹೊರಟೆ.

ನೇರ ವೃತ್ತದ ಸಲೂನಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ಕಾಲಿಟ್ಟರೆ ಗಂಟಲು ಕೆರೆಯುವಷ್ಟು ಘಾಟು. ಇಷ್ಟು ಘಾಟಿನಲ್ಲಿ ಇವರೆಲ್ಲ ಹೇಗೆ ಉಸಿರಾಡುತ್ತಾರೋ. ಮ್ಯಾನೇಜರ್ ಎದ್ದು ನಿಂತು ಬಹಳ ವಿನಯದಿಂದ, ಅವರಿನ್ನೂ ಒಪ್ಪಿಲ್ಲ ಮೇಡಂ, ಸೋಮವಾರ ಹೇಳ್ತೀನಿ ಅಂದಿದಾರೆ ಅಂದಳು.

“ಸೋಮವಾರದ ತನಕ ಕಾಯಬೇಡಿ. ಅವಳು ಬರಲ್ಲ. ಫೋನ್ ಎತ್ತೋದಕ್ಕೆ ಇರೋ ಕೈ ಅಲ್ಲ ಅದು” ಅಂದೆ. ಕಾಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವರಲ್ಲಿ ನೊರೆ ಟೀಚರೂ ಇದ್ದರು, ತಲೆ ತುಂಬ ನೊರೆ.

ಮನೆಗೆ ಬಂದರೆ ಓರಗಿತ್ತಿ ಬೇಸಿನ್ನಿನ ಮುಂದೆ ನಿಂತು ಕ್ಯಾನಿನಿಂದ ಜಾಡಿಗೆ ಶಾಂಪೂ ತುಂಬಿಸುತ್ತಿದ್ದಾಳೆ. ಬೆಳಗಿನ ಬಸ್ಸಿಗೆ ಸಾಬೂನಿನಾಕೆಯ ಹತ್ತಿರ ಹೋಗಿದ್ದಳಂತೆ. ನಾನು ಲೋಟ ಎತ್ತಿ ಅವಳ ಮುಖಕ್ಕೆ ಹಿಡಿದು, ಇದೇನು ಎಂದೆ.

“ಅಳತೆ ಅಕ್ಕ. ನೀವು ಒತ್ತಿ ಒತ್ತಿ ಸುರೀತೀರಲ್ಲ. ಇಲ್ಲಿ ಗೆರೆ ಎಳೆದಿದೀನಿ ನೋಡಿ, ಈ ಗೆರೆವರೆಗೆ ಒಬ್ಬರಿಗೆ ಸಾಕು.”

ಪಟ್ಟಿಯ ಕೆಳಗೆ ನೀಲಿ ಗೆರೆ ಇತ್ತು. ಬೆಳಿಗ್ಗೆಯೂ ಇತ್ತು. ನಾನು ನೋಡಿರಲಿಲ್ಲ.

ನಾನು ಬಿಟ್ಟು ಹೋದೆ ಅಂದುಕೊಂಡಿರಾ ಎಂದು ಅವಳು ಕೇಳಿದಳು. ಛೆ, ತರಕಾರಿಗೆ ಹೋಗಿದ್ದೆ ಅಂದೆ. ಚೀಲ ಎಲ್ಲಿ ಎಂದಳು. ಸುಳ್ಳು ಹೇಳುವವರು ಚೀಲ ತೆಗೆದುಕೊಂಡು ಹೋಗಬೇಕು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು, ಸಲೂನಿನವರಿಗೆ ನೀನು ಬರಲ್ಲ ಅಂತ ಹೇಳಿ ಬಂದೆ ಅಂದುಬಿಟ್ಟೆ. ಅವಳು ಕ್ಯಾನು ಕೆಳಗಿಟ್ಟಳು. ಅವಳ ಮುಖ ಗಂಭೀರವಾಯಿತು.

“ನನ್ನ ಕೇಳಬೇಕಿತ್ತು ಅಕ್ಕ.”

“ಈಗ ಕೇಳ್ತಿದೀನಲ್ಲ.”

“ಈ ಕೋಣೇಲಿ ಆ ಹೊಗೆ ಇದ್ರೆ ನಾನು ಇರಕ್ಕಾಗಲ್ಲ. ಮುನಿಸಿಕೊಂಡು ಹೇಳ್ತಿಲ್ಲ. ನನಗೆ ಉಸಿರು ಸಿಗಲ್ಲ.”

ಅವಳು ಇಷ್ಟು ನೇರವಾಗಿ ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಸೋಮವಾರದವರೆಗೆ ನಿನಗೆ ಟೈಮ್ ಇದೆ ತಾನೇ ಎಂದೆ. ನನಗಲ್ಲ ಅಕ್ಕ, ನಿಮಗೆ ಎಂದಳು.

ಹೆದರಿದೆ ಇವತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೆದರಿದ್ದು ನಿಜ.

ಏಪ್ರಿಲ್ ೧೨, ಶನಿವಾರ

ಕಂಟ್ರಾಕ್ಟರರ ಹೆಂಡತಿ ದಿನ ಗೊತ್ತು ಮಾಡಲು ಬಂದಳು. ನಮ್ಮಲ್ಲಿ ಇನ್ನು ಸ್ಟ್ರೇಟ್ನಿಂಗ್ ಇಲ್ಲ, ಡೈ ಕೂಡ ಇಲ್ಲ ಎಂದೆ. ತಲೆ ತೊಳೆಯುತ್ತೇವೆ, ಕತ್ತರಿಸುತ್ತೇವೆ, ಜಡೆ ಹಾಕುತ್ತೇವೆ, ಮುಖಕ್ಕೆ ಮಾಡುತ್ತೇವೆ, ಗುಂಗುರನ್ನು ಗುಂಗುರಾಗಿಯೇ ಚೆಂದ ಮಾಡಿ ಕಳಿಸುತ್ತೇವೆ ಎಂದೆ. ನಿಮ್ಮ ಓರಗಿತ್ತಿಯ ಕಾಯಿಲೆಗೆ ನನ್ನ ಮಗಳು ಏನು ಮಾಡಬೇಕು ಎಂದಳು.

“ಕಾಯಿಲೆ ಅವಳದ್ದಲ್ಲ, ಡಬ್ಬಿಯದ್ದು. ಕೈಗೆ ಆಗದ್ದು ನಿಮ್ಮ ಮಗಳ ತಲೆಗೂ ಆಗಲ್ಲ, ನಮ್ಮ ಮೋರಿಗೂ ಆಗಲ್ಲ” ಅಂದೆ.

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು. ಇಂಥ ಮಾತು ನನಗೆ ಸಮಯಕ್ಕೆ ಸರಿಯಾಗಿ ಹೊಳೆಯುತ್ತದೆ. ಓರಗಿತ್ತಿ ಯಾಕೋ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು.

ಕಂಟ್ರಾಕ್ಟರರ ಹೆಂಡತಿ ದಡಬಡ ಹೊರಟಳು. ಹೋದರೆ ಹೋಗಲಿ. ಸ್ಟ್ರೇಟ್ನಿಂಗ್ ಔಷಧಿಯ ಡಬ್ಬಿಗಳನ್ನೆಲ್ಲ ಮೋರಿಗೆ ಸುರಿಯಹೊರಟವಳನ್ನು ಓರಗಿತ್ತಿ ಓಡಿಬಂದು ತಡೆದಳು. ಅಪಾಯದ ಕಸ ತೆಗೆದುಕೊಳ್ಳುವ ಜಾಗ ಬೇರೆ ಇದೆಯಂತೆ. ಕೋಪದಲ್ಲಿ ಒಳ್ಳೆಯ ಕೆಲಸ ಮಾಡಲು ಹೊರಟರೂ ಸ್ವಲ್ಪ ವಿಚಾರಿಸಬೇಕು.

ಏಪ್ರಿಲ್ ೧೪, ಸೋಮವಾರ

ಅವಳು ಸಲೂನಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ನಾನು ಹೇಳಿದಾಗಲೇ ನಂಬಿದ್ದರೆ ಅವರಿಗೆ ನಾಲ್ಕು ದಿನ ಉಳಿಯುತ್ತಿತ್ತು.

ಗಿರಾಕಿ ಕಡಿಮೆ. ಮಧ್ಯಾಹ್ನವೆಲ್ಲ ಇಬ್ಬರೂ ಅತ್ತೆಯ ಉಗುರು ಕತ್ತರಿಸುತ್ತ ಕೂತಿದ್ದೆವು. ಯಾಕೋ ಬೇಸರವಾಗಲಿಲ್ಲ.

ಏಪ್ರಿಲ್ ೨೭, ಭಾನುವಾರ

ನೊರೆ ಟೀಚರ್ ಟವೆಲ್ ವಾಪಸು ಕೊಡುವ ನೆಪದಲ್ಲಿ ಬಂದರು. ಒಗೆದು ಇಸ್ತ್ರಿ ಮಾಡಿ ತಂದಿದ್ದರು. ನಿಂತೇ ಇದ್ದರು. ಕೊನೆಗೆ, ಆ ಸಲೂನಿನಲ್ಲಿ ತೊಳೆಸಿದರೆ ತಲೆ ತುರಿಸುತ್ತದೆ, ನಿಮ್ಮ ಹುಡುಗಿಗೆ ಪುರಸೊತ್ತಿದೆಯಾ ಎಂದರು. ನೊರೆ ಇಲ್ಲವಲ್ಲ ಟೀಚರ್ ಎಂದೆ. ನೊರೆ ಬಿಡಿ, ತಲೆ ತೊಳೆಯುವಾಗ ಹೇಗೂ ಕಣ್ಣು ಮುಚ್ಚಿರುತ್ತೇನೆ ಎಂದರು. ಲೆಕ್ಕದವರು, ಸೋತರೂ ಉತ್ತರ ಸರಿ ಮಾಡಿಕೊಂಡೇ ಸೋಲುತ್ತಾರೆ.

ಓರಗಿತ್ತಿ ಗೆರೆಯವರೆಗೆ ಅಳೆದು ತೊಳೆದಳು. ನಾನೂ ಈಗ ಗೆರೆಯ ಮೇಲೆ ಒಂದು ಹನಿ ಹಾಕುವುದಿಲ್ಲ.

ಮೇ ೧೧, ಭಾನುವಾರ

ಕಂಟ್ರಾಕ್ಟರರ ಮನೆಯ ಮದುವೆ ಮುಗಿಯಿತು. ಹುಡುಗಿ ನಿನ್ನೆ ತಾನಾಗಿಯೇ ಬಂದಿದ್ದಳು, ಅಮ್ಮನನ್ನೂ ಹಿಂದೆ ಎಳೆದುಕೊಂಡು. ನನ್ನ ಕೂದಲನ್ನು ಹೀಗೇ ಬಿಡಿ, ಮೊದಲಿಂದ ಹೇಳ್ತಿದ್ದೆ, ಯಾರೂ ಕೇಳಿರಲಿಲ್ಲ ಎಂದಳು. ಗುಂಗುರನ್ನು ಬಿಡಿಸಿ ಹೂ ಕಟ್ಟಿ ಕಳಿಸಿದೆವು. ಇವತ್ತು ಛತ್ರದಲ್ಲಿ ಎಲ್ಲರೂ ಎಲ್ಲಿ ಮಾಡಿಸಿದ್ದು ಎಂದು ಕೇಳಿದರಂತೆ. ಮನೆಯಾಕೆ ನನ್ನ ಹತ್ತಿರ ಬಂದು, ಮದುಮಗಳ ಸೋದರತ್ತೆಗೆ ನಿಮ್ಮ ಬೆಳ್ಳಿ ಬಣ್ಣ ಹಿಡಿಸಿದೆ, ಯಾವ ಕಂಪನಿಯದು ಎಂದು ಕೇಳಿದಳು. ಯಾವ ಬಣ್ಣ ಎಂದು ನನಗೆ ಅರ್ಥವೇ ಆಗಲಿಲ್ಲ. ಪುರಸೊತ್ತಾದಾಗ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಸಗಟು ಅಂಗಡಿಯವನು ಹೊಸ ಹಸಿರು ಡಬ್ಬಿ ಹೊತ್ತು ಬಂದಿದ್ದ, ಮೊದಲಿಗಿಂತ ದೊಡ್ಡ ಎಲೆ. ಎಲೆ ನೋಡಿ ಕೊಳ್ಳುವವರು ನಾವಲ್ಲ, ತಿರುಗಿಸು, ಹಿಂಬದಿ ಓದು ಎಂದೆ. ಅವನು ಓದುತ್ತ ಓದುತ್ತ ತಡವರಿಸಿದ. ನಾನು ಮೊದಲಿನಿಂದಲೂ ಹಿಂಬದಿ ಓದುವವಳೇ.

ಹಿತ್ತಲ ಮೋರಿಯಲ್ಲಿ ಕಪ್ಪೆ ವಟಗುಟ್ಟಿ ಅತ್ತೆಗೆ ನಿದ್ದೆಯಿಲ್ಲವಂತೆ. ಕಪ್ಪೆ ಮಾತ್ರ ಅವರಿಗೆ ಚೆನ್ನಾಗಿ ಕೇಳಿಸುತ್ತದೆ. ಇವರು ಮಳೆ ಬಿದ್ದಿದ್ದಕ್ಕೆ ಬಂದಿದೆ ಅನ್ನುತ್ತಾರೆ. ನಾನು ಶಾಂಪೂ ಬದಲಾಯಿಸಿದ್ದಕ್ಕೆ ಬಂದಿದೆ ಅನ್ನುತ್ತೇನೆ. ಮಳೆ ಪ್ರತಿ ವರ್ಷವೂ ಬೀಳುತ್ತದಲ್ಲ?

ಮೇ ೨೦, ಮಂಗಳವಾರ

ಡಾಕ್ಟರಮ್ಮ ಇವತ್ತು ಕೈ ನೋಡಿ, ಇನ್ನು ನನ್ನ ಹತ್ತಿರ ಬರಬೇಡಿ ಎಂದರು. ಓರಗಿತ್ತಿ ಕೈಗವಸು ಕಳಚಿ ಪರ್ಸಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳು ಬಿಡಿಸಿ ಮಡಿಸಿ ನೋಡಿಕೊಳ್ಳುತ್ತಿದ್ದಳು. ಸಂದಿಯಲ್ಲಿ ಹೊಸ ಚರ್ಮ ಬಂದಿದೆ. ಕಿಟಕಿಯ ಕಡೆ ನೋಡುವಂತೆ ನಾನೂ ಅದನ್ನೇ ನೋಡುತ್ತಿದ್ದೆ.

ಮನೆಗೆ ಬಂದವಳೇ, ಬನ್ನಿ ಅಕ್ಕ, ಮೊದಲು ನಿಮ್ಮ ತಲೆ ಎಂದಳು. ಬಣ್ಣ ಹಚ್ಚುವ ಕೆಲಸ ನಿಂತ ಮೇಲೆ ನನ್ನ ತಲೆಗೆ ಅವಳ ಕೈ ಬಿದ್ದಿರಲಿಲ್ಲ. ಬೇಡ, ಗಿರಾಕಿ ಬರುವ ಹೊತ್ತು ಎಂದೆ. ಎಂದವಳು ಹೋಗಿ ಕೂತೂಬಿಟ್ಟಿದ್ದೆ.

ಉಗುರು ಬೆಚ್ಚಗಿನ ನೀರು. ಲೋಟದಲ್ಲಿ ಗೆರೆಯವರೆಗೆ ಶಾಂಪೂ. ಬೈತಲೆಯಿಂದ ಹಿಂದಕ್ಕೆ, ಕಿವಿಯ ಹಿಂದೆ, ಕತ್ತಿನ ಕುಳಿಯಲ್ಲಿ, ಅವಳ ಬೆರಳುಗಳು ಅವಸರವಿಲ್ಲದೆ ಓಡಾಡಿದವು. ಕೂದಲು ಎಷ್ಟು ಬೆಳ್ಳಗಾಗಿದೆ ಅಕ್ಕ, ಚೆನ್ನಾಗಿ ಕಾಣತ್ತೆ, ಹೀಗೇ ಇರಲಿ ಎಂದಳು. ಹೂಂ ಎಂದೆ. ಹಜಾರದಿಂದ ಅತ್ತೆ ಊಟಕ್ಕೆ ಕೂಗಿದರು. ಹೊರಗೆ ಯಾರೋ ಬೆಲ್ ಒತ್ತಿದರು.

ನೀರು ನಿಲ್ಲಿಸಿ, ಬಗ್ಗಿ, “ಸಾಕಾ ಅಕ್ಕ?” ಎಂದಳು.

ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದೆ.